ಕೋಟೆಯೊಳಗೆ ಮೀಟರಮ್ಮನ ಕಾರು

ನನ್ನ ಅಕ್ಕ ಮೂವತ್ತೊಂದು ವರ್ಷ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವ ಕೆಲಸ ಮಾಡಿದಳು. ಅದರಲ್ಲಿ ಇಪ್ಪತ್ತೆರಡು ವರ್ಷ ಕೋಟೆಯೊಳಗಿನ ಹಳೇ ಊರಿನಲ್ಲೇ ಕಳೆಯಿತು. ಅಲ್ಲಿ ಅವಳ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರಿಗೂ ಅವಳು ಮೀಟರಮ್ಮ. ಸಿಟ್ಟು ಬಂದಾಗ ಮನೆಯಲ್ಲಿ ನಾವೂ ಹಾಗೇ ಕರೆಯುತ್ತಿದ್ದೆವು. ಅವಳಿಗೆ ಬೇಸರವಾಗುತ್ತಿರಲಿಲ್ಲ. "ಆ ಹೆಸರು ಅಪ್ಪ ಅಮ್ಮ ಇಟ್ಟಿದ್ದು, ಇದು ನಾನು ದುಡಿದು ತಗೊಂಡಿದ್ದು," ಅನ್ನುತ್ತಿದ್ದಳು.

ಹೆಗಲಿಗೆ ಚೀಲ, ಕೈಯಲ್ಲಿ ಟಾರ್ಚು, ಬಗಲಲ್ಲಿ ಮಡಿಸುವ ಸ್ಟೂಲು. ಇಷ್ಟೇ ಅವಳ ಆಸ್ತಿ. ಹಳೇ ಊರಿನ ಮನೆಗಳನ್ನು ಕಟ್ಟುವಾಗ ಕರೆಂಟ್ ಅನ್ನುವುದು ಹುಟ್ಟಿರಲಿಲ್ಲವಾದ್ದರಿಂದ ಆಮೇಲೆ ಬಂದ ಮೀಟರುಗಳು ಜಾಗ ಸಿಕ್ಕಲ್ಲಿ ಕೂತಿದ್ದವು. ಮೆಟ್ಟಿಲ ಕೆಳಗೆ, ಸ್ನಾನದ ಮನೆಯ ಬಾಗಿಲ ಮೇಲೆ, ಒಂದು ಮನೆಯಲ್ಲಂತೂ ಮಂಚದ ತಲೆಯ ಕಡೆ. ಆ ಮನೆಯ ಯಜಮಾನರು ಮಲಗಿದ್ದರೆ ಅಕ್ಕ ಮಂಚದ ಅಂಚಿನ ಮೇಲೆ ನಿಂತು, ಅವರ ತಲೆಯ ಮೇಲಿಂದ ಬಾಗಿ, ಓದಿಕೊಂಡು ಇಳಿಯುತ್ತಿದ್ದಳು. ಅವರು ಕಣ್ಣು ಬಿಡದೆ "ಎಷ್ಟಾಯ್ತಮ್ಮ?" ಎಂದು ಕೇಳಿ, ಉತ್ತರ ಬರುವುದರೊಳಗೆ ಮತ್ತೆ ಗೊರಕೆ ಹೊಡೆಯುತ್ತಿದ್ದರು.

ಅವಳಿಗೆ ಎಲ್ಲಕ್ಕಿಂತ ದೊಡ್ಡದು ಅವಳ ಪುಸ್ತಕದ ಕ್ರಮ. ಬೀದಿಯ ಎಡಸಾಲನ್ನು ತುದಿಯವರೆಗೆ ಓದಬೇಕು, ಅಲ್ಲಿಂದ ತಿರುಗಿ ಬಲಸಾಲನ್ನು ಓದುತ್ತ ಶುರುವಾದಲ್ಲಿಗೇ ಬರಬೇಕು. ಪುಸ್ತಕದಲ್ಲಿ ಮನೆಗಳಿದ್ದದ್ದು ಹಾಗೆ. ಈ ಚಾಳಿ ಕೆಲಸದ ಹೊತ್ತಿಗೆ ಮಾತ್ರ ಇದ್ದಿದ್ದರೆ ಪರವಾಗಿರಲಿಲ್ಲ. ತರಕಾರಿ ಮಾರುಕಟ್ಟೆಗೆ ಹೋದರೂ ಎಡಸಾಲು ಮುಗಿಸದೆ ಬಲಗಡೆಯ ಮೊದಲ ಅಂಗಡಿಯ ಟೊಮೇಟೊ ಮುಟ್ಟುತ್ತಿರಲಿಲ್ಲ. ಅವಸರದ ದಿನ ಅವಳನ್ನು ತರಕಾರಿಗೆ ಕಳಿಸಬಾರದು ಅನ್ನುವುದನ್ನು ನನ್ನ ಹೆಂಡತಿ ಮದುವೆಯಾದ ಮೊದಲ ವಾರದಲ್ಲೇ ಕಲಿತಳು.

ಇನ್ನು ನನ್ನ ವಿಷಯ. ಕೋಟೆಯ ಹೆಬ್ಬಾಗಿಲಿನ ಪಕ್ಕದಲ್ಲಿ ನನ್ನದೊಂದು ಅಂಗಡಿ. ಮೊದಲು ಗಂಟೆಯ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಕೊಡುತ್ತಿದ್ದೆ. ಆಮೇಲೆ ಹೊಗೆಯಿಂದ, ಅದುರುವಿಕೆಯಿಂದ ಹಳೇ ಗೋಡೆಗಳು ಹಾಳಾಗುತ್ತವೆ ಎಂದು ಪೆಟ್ರೋಲ್ ಗಾಡಿಗಳು ಒಳಗೆ ಹೋಗುವುದನ್ನು ನಿಲ್ಲಿಸಿದರು. ಒಂದು ಕಂಪನಿಯವರು ಬಂದು, ಎರಡೇ ಸೀಟಿನ ಆರು ಪುಟ್ಟ ಎಲೆಕ್ಟ್ರಿಕ್ ಕಾರುಗಳನ್ನು ನನ್ನ ಅಂಗಡಿ ಮುಂದೆ ನಿಲ್ಲಿಸಿ, ನೋಡಿಕೋ ಅಂದರು. ಲೈಸೆನ್ಸ್ ತೋರಿಸಿ ಕೀ ತೆಗೆದುಕೊಂಡರೆ ಆಯಿತು, ಡ್ರೈವರ್ ಬೇಕಿಲ್ಲ, ನೀವೇ ಓಡಿಸಿಕೊಂಡು ಊರು ನೋಡಿ ಬರಬಹುದು. ಕಾರಿನೊಳಗೆ ಒಂದು ಪರದೆ, ಪರದೆಯೊಳಗೆ ಒಬ್ಬ ಹೆಣ್ಣುಮಗಳ ದನಿ. ಯಾವ ಗೋಪುರದ ಮುಂದೆ ಹೋದರೆ ಆ ಗೋಪುರದ ಕಥೆಯನ್ನು ಅದು ಹೇಳುತ್ತದೆ.

ಅಕ್ಕ ನಿವೃತ್ತಿಯಾಗುವ ಹೊತ್ತಿಗೆ ಅವಳ ಎರಡೂ ಮಂಡಿ ಸವೆದಿದ್ದವು. ಮನೆಯಿಂದ ನನ್ನ ಅಂಗಡಿಯವರೆಗೆ ಕೋಲು ಊರಿಕೊಂಡು ಬರುವಳು, ಬೆಂಚಿನ ಮೇಲೆ ಕೂರುವಳು, ಹೆಬ್ಬಾಗಿಲನ್ನು ನೋಡುವಳು. ಒಳಗೆ ಹೋಗುತ್ತಿರಲಿಲ್ಲ. ಮೂರು ವರ್ಷ ಹೀಗೆ ಕಳೆದ ಮೇಲೆ ಒಂದು ದಿನ, ಏನೂ ಮುನ್ಸೂಚನೆ ಕೊಡದೆ, "ನನಗೆ ಕಾರ್ ಓಡ್ಸೋದು ಕಲಿಸ್ತೀಯಾ?" ಅಂದಳು.

ನಾನು ನಕ್ಕೆ. ಅರವತ್ತು ದಾಟಿದ ಮೇಲೆ ಸ್ಟೀರಿಂಗ್ ಹಿಡಿಯುತ್ತೇನೆ ಅಂದರೆ ಯಾರಾದರೂ ನಗುತ್ತಾರೆ.

"ನಗ್ಬೇಡ. ಮೇಲಿನ ಮನೆಗೆ ಹೋಗ್ಬೇಕು ಕಣೋ. ಪೇಂಟರಿಗೆ ಒಂದು ಮಾತು ಹೇಳೋದಿದೆ," ಅಂದಳು. ಹನ್ನೆರಡು ವರ್ಷ ಯಾರಿಗೂ ಹೇಳದ ಸಂಗತಿಯನ್ನು ಆಮೇಲೆ ಹೇಳಿದಳು.

ಹಳೇ ಊರಿನ ಸುತ್ತು ಅವಳಿಗೆ ಪ್ರತಿ ತಿಂಗಳೂ ಒಂದನೇ ತಾರೀಕು ಶುರುವಾಗಿ ಐದನೇ ತಾರೀಕು ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತಿತ್ತು. ಪುಸ್ತಕದ ಕೊನೆಯ ಮನೆ ಇದ್ದದ್ದು ಒಂದು ಕಡಿದಾದ ಏರಿನ ತುದಿಯಲ್ಲಿ. ಅಲ್ಲಿ ಇನ್ನೂ ಒಂದೆರಡು ಮನೆಗಳಿದ್ದರೂ ಅವು ಕೂಗಿದರೆ ಕೇಳಿಸದಷ್ಟು ದೂರ, ಅವುಗಳ ಮೀಟರುಗಳೂ ಏರಿನ ಬುಡದಲ್ಲೇ ಇದ್ದವು. ಮೇಲೆ ಹತ್ತಬೇಕಾದದ್ದು ಈ ಒಂದು ಮನೆಗೆ ಮಾತ್ರ. ಅದರಲ್ಲಿ ಬೋರ್ಡು ಬರೆಯುವ ಪೇಂಟರು ಒಬ್ಬರೇ ಇರುತ್ತಿದ್ದರು. ಹಳೇ ಊರಿನ ಅರ್ಧಕ್ಕರ್ಧ ಬೀದಿಗಳ ಹೆಸರಿನ ಫಲಕ ಅವರ ಕೈಯವೇ. ಅವರ ಕರೆಂಟ್ ಖರ್ಚು ತಿಂಗಳಿಗೆ ಮೂವತ್ತೆಂಟರಿಂದ ನಲವತ್ತೆರಡು ಯೂನಿಟ್, ಅದರಾಚೆ ಈಚೆ ಎಂದೂ ಹೋದದ್ದಿಲ್ಲ.

ಹನ್ನೆರಡು ವರ್ಷದ ಹಿಂದಿನ ಒಂದು ಐದನೇ ತಾರೀಕು ಅಕ್ಕನ ಮಂಡಿ ಬಾತುಕೊಂಡಿತ್ತು. ಏರಿನ ಬುಡದಲ್ಲಿ ನಿಂತಳು, ಮೇಲೆ ನೋಡಿದಳು, ಪುಸ್ತಕ ತೆಗೆದಳು, ಹಿಂದಿನ ತಿಂಗಳ ಅಂಕಿಗೆ ನಲವತ್ತು ಕೂಡಿಸಿ ಬರೆದು ಮನೆಗೆ ಬಂದಳು. ನೋಡದೆ ಬರೆದದ್ದು ಅದೊಂದೇ ಸಲ.

ಹಿಂದಿನ ಸಂಜೆ ಪೇಂಟರು ಅಟ್ಟದ ಮೇಲಿನ ಡಬ್ಬ ತೆಗೆಯಲು ಏಣಿ ಹತ್ತಿ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಅವರು ಸಿಕ್ಕಿದ್ದು ಎಂಟನೇ ತಾರೀಕು, ಬಣ್ಣದ ಅಂಗಡಿಯವನು ಹೇಳಿದ ದಿನಕ್ಕಿಂತ ಮೊದಲೇ ಸಾಮಾನು ಕೊಡಲು ಹೋದದ್ದರಿಂದ. ತಡವಾಯಿತು, ಮೂಳೆ ಸರಿಯಾಗಿ ಕೂಡಲಿಲ್ಲ. ಅಂದಿನಿಂದ ಎರಡು ಊರುಗೋಲು. ಕಲ್ಲು ಹಾಸಿದ ಆ ಇಳಿಜಾರಿನಲ್ಲಿ ಊರುಗೋಲು ಹಿಡಿದವರು ಇಳಿಯಲಾರರು, ಹತ್ತಲಾರರು. ಮನುಷ್ಯ ಮೇಲೇ ಉಳಿದುಬಿಟ್ಟರು.

ಸುದ್ದಿ ಗೊತ್ತಾದ ವಾರವೇ ಅಕ್ಕ ಕೋಟೆಯ ಹೊರಗಿನ ಹೊಸ ಬಡಾವಣೆಗೆ ವರ್ಗ ಕೇಳಿ ಹೋದಳು. ಯಾರೂ ಏನೂ ಕೇಳಲಿಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಯಾರಾದರೂ ಪೇಂಟರ ಮಾತೆತ್ತಿದರೆ ತಾನೇ ಎದ್ದು ಒಳಗೆ ಹೋಗುತ್ತಿದ್ದಳು. ಅದೇಕೆಂದು ನನಗೆ ಆವತ್ತು ತಿಳಿಯಿತು.

"ಇಷ್ಟು ವರ್ಷ ಯಾಕೆ ಹೋಗಿ ಹೇಳ್ಲಿಲ್ಲ?" ಅಂದೆ.

"ಮಂಡಿ ಬಿಡ್ಲಿಲ್ಲ."

"ಹೊಸ ಬಡಾವಣೇಲಿ ಒಂಬತ್ತು ವರ್ಷ ಮಹಡಿ ಹತ್ತೋಕೆ ಬಿಡ್ತಲ್ಲ ಆ ಮಂಡಿ?"

ನನ್ನ ನಾಲಿಗೆ ಹೀಗೆ, ಬೇಡದ ಹೊತ್ತಿಗೆ ಸರಿಯಾದದ್ದನ್ನು ಹೇಳುತ್ತದೆ. ಅಕ್ಕ ಮುಖವನ್ನು ಹೆಬ್ಬಾಗಿಲ ಕಡೆ ತಿರುಗಿಸಿದಳು. ನನಗೆ ಪಾಪ ಅನ್ನಿಸಿ, ನಾಳೆಯೇ ನಾನು ಕೂರಿಸಿಕೊಂಡು ಹೋಗುತ್ತೇನೆ, ಅದಕ್ಕೇಕೆ ಡ್ರೈವಿಂಗು ಎಂದೆ. ಅವಳು ಕಡ್ಡಿ ಮುರಿದ ಹಾಗೆ ಬೇಡ ಅಂದಳು. ಅವತ್ತು ಹೋಗದೇ ಇದ್ದವಳು ನಾನು, ಈಗ ಹೋಗಬೇಕಾದವಳೂ ನಾನೇ, ಯಾರೋ ಕರೆದುಕೊಂಡು ಹೋದರೆ ಅದು ಹೋದ ಹಾಗಲ್ಲ ಎಂಬುದು ಅವಳ ವಾದ. ವಾದದಲ್ಲಿ ಅವಳನ್ನು ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಕಲಿಯಲು ನಾಲ್ಕು ತಿಂಗಳು ಹಿಡಿಯಿತು. ಪರೀಕ್ಷೆಯಲ್ಲಿ ಎರಡು ಸಲ ಫೇಲ್. ಪರೀಕ್ಷೆ ಮಾಡಿದ ಅಧಿಕಾರಿ ನನ್ನನ್ನು ಪಕ್ಕಕ್ಕೆ ಕರೆದು, "ಇವರು ರಸ್ತೆ ನೋಡಲ್ಲ ಕಣ್ರೀ, ಗೋಡೆ ನೋಡ್ತಾರೆ," ಎಂದರು. ಮೂವತ್ತೊಂದು ವರ್ಷ ಗೋಡೆಯಲ್ಲಿ ಮೀಟರ್ ಹುಡುಕಿದ ಕಣ್ಣು, ಅಷ್ಟು ಬೇಗ ರಸ್ತೆಗೆ ಇಳಿದೀತೇ? ಮೂರನೇ ಸಲ ಪಾಸಾದಳು. ಆಮೇಲೆ ಲೈಸೆನ್ಸನ್ನು ಪರ್ಸಿನಲ್ಲಿಟ್ಟುಕೊಂಡು ಎರಡು ತಿಂಗಳು ಅದೇ ಬೆಂಚಿನ ಮೇಲೆ ಕೂತಳು. ಇವತ್ತು ಬಿಸಿಲು ಹೆಚ್ಚು, ಇವತ್ತು ಜನ ಹೆಚ್ಚು, ಇವತ್ತು ತಲೆನೋವು. ನೆಪಕ್ಕೇನು ಬರ, ದಿನಕ್ಕೊಂದು ಸಿಗುತ್ತಿತ್ತು.

ಒಂದು ದಿನ ಅವಳ ಜಾಗದಲ್ಲಿ ಈಗ ಮೀಟರ್ ಓದುವವನು ಅಂಗಡಿಗೆ ಬಂದು, ನಮ್ಮ ಜೊತೆ ಟೀ ಕುಡಿಯುತ್ತ, ಮಾತಿನ ನಡುವೆ ಹೇಳಿದ: "ಮೇಲಿನ ಮನೆ ಪೇಂಟರು ಕನೆಕ್ಷನ್ ವಾಪಸ್ ಕೊಡೋಕೆ ಅರ್ಜಿ ಹಾಕಿದಾರೆ. ತಿಂಗಳ ಕೊನೆಗೆ ಮನೆ ಖಾಲಿ. ತಂಗಿ ಮಗಳ ಊರಿಗೆ ಹೋಗ್ಬಿಡ್ತಾರಂತೆ."

ಅಕ್ಕ ಟೀ ಲೋಟವನ್ನು ಕೈಯಲ್ಲಿ ಹಿಡಿದೇ ಕೂತಿದ್ದಳು. ಟೀ ಆರಿ ಕೆನೆ ಕಟ್ಟಿತು. ಅವತ್ತು ಹದಿನೇಳನೇ ತಾರೀಕು. ಮರುದಿನ ಬೆಳಿಗ್ಗೆ ನಾನು ಅಂಗಡಿ ಬಾಗಿಲು ಎತ್ತುವ ಮೊದಲೇ ಬಂದು ನಿಂತು, "ಕೀ ಕೊಡು," ಅಂದಳು.

ಕೀ ಕೊಟ್ಟೆ, ಅಂಗಡಿಗೆ ಮತ್ತೆ ಬೀಗ ಹಾಕಿ ಪಕ್ಕದ ಸೀಟಿನಲ್ಲಿ ನಾನೂ ಕೂತೆ. ಎರಡು ಸಲ ಫೇಲಾದವಳ ಕೈಗೆ ಕಂಪನಿಯ ಕಾರು ಕೊಟ್ಟು ಹಾಯಾಗಿ ಬೆಂಚಿನ ಮೇಲೆ ಕೂರುವಷ್ಟು ಗಟ್ಟಿ ಎದೆ ನನ್ನದಲ್ಲ.

ಯೋಜನೆಯನ್ನು ಅವಳು ಮೊದಲೇ ಹೇಳಿದ್ದಳು. ಬಾಗಿಲು ತಟ್ಟುವುದು. ಅವತ್ತು ನಾನು ಬರಬೇಕಿತ್ತು, ಬರಲಿಲ್ಲ, ನೋಡದೆ ಬರೆದೆ, ತಪ್ಪಾಯಿತು ಅನ್ನುವುದು. ಅವರು ಬೈದರೆ ಬೈಸಿಕೊಳ್ಳುವುದು. ತಿರುಗಿ ಬರುವುದು. ಹೆಚ್ಚೆಂದರೆ ಐದು ನಿಮಿಷದ ಕೆಲಸ. ಹೆಬ್ಬಾಗಿಲಿನಿಂದ ಏರಿನ ತುದಿಗೆ ನೆಟ್ಟಗೆ ಹೋದರೆ ಮೂರು ಕಿಲೋಮೀಟರ್ ಕೂಡ ಇಲ್ಲ.

ಹೆಬ್ಬಾಗಿಲು ದಾಟಿದ ಕೂಡಲೇ ಪರದೆಯ ಹೆಣ್ಣುಮಗಳು ಸ್ವಾಗತ ಹೇಳಿ, ಈ ಬಾಗಿಲನ್ನು ಕಟ್ಟಿಸಿದ ರಾಜನ ಕಥೆ ಶುರು ಮಾಡಿದಳು. ರಾಜ ಯುದ್ಧಕ್ಕೆ ಹೋಗಿ ಸಾಯುವ ಹೊತ್ತಿಗೆ ಅಕ್ಕ ಮೊದಲನೇ ಬೀದಿಗೆ ತಿರುಗಿದ್ದಳು. ನೇರ ಹೋಗಬೇಕಾದವಳು ಇಲ್ಲೇಕೆ ತಿರುಗಿದಳು ಎಂದು ನಾನು ಕೇಳುವಷ್ಟರಲ್ಲಿ ಬೀದಿಯ ತುದಿ ಬಂತು. ಹತ್ತು ಹನ್ನೆರಡು ಅಡಿ ಅಗಲದ ಬೀದಿ. ಅದರಲ್ಲಿ ಹಿಂದೆ ಮುಂದೆ, ಹಿಂದೆ ಮುಂದೆ ಎಂದು ಒಂಬತ್ತು ಸಲ ಮಾಡಿ ಕಾರನ್ನು ತಿರುಗಿಸಿದಳು, ಬಂದ ದಾರಿಯಲ್ಲೇ ವಾಪಸ್ ಹೊರಟಳು. ಹೆಬ್ಬಾಗಿಲ ಹತ್ತಿರ ಬಂದೆವು. ಪರದೆಯವಳು ಸ್ವಾಗತ ಹೇಳಿದಳು, ರಾಜ ಮತ್ತೆ ಯುದ್ಧಕ್ಕೆ ಹೊರಟ.

"ಏನ್ ಮಾಡ್ತಿದೀಯ?" ಅಂದೆ.

"ಎಡಸಾಲು ಆಯ್ತು. ಬಲಸಾಲು ಬೇಡ್ವಾ?"

ಆಗ ನನಗೆ ಅರ್ಥವಾಯಿತು. ಐದು ದಿನ ಕಾಲ್ನಡಿಗೆಯಲ್ಲಿ ಮುಗಿಸುತ್ತಿದ್ದ ಸುತ್ತನ್ನು ಅವಳು ಪುಸ್ತಕದ ಕ್ರಮದಲ್ಲೇ, ಒಂದೇ ದಿನದಲ್ಲಿ ಕಾರಿನಲ್ಲಿ ಮುಗಿಸಲು ಹೊರಟಿದ್ದಳು. ಮೂವತ್ತೊಂದು ಬೀದಿ, ಒಂದೊಂದೂ ಎರಡೆರಡು ಸಲ. ನಡೆಯುವವರಿಗೆ ಅದು ಸರಿ, ಹಿಂದಕ್ಕೆ ತಿರುಗಲು ಕಾಲಿಗೆ ಜಾಗ ಬೇಕಾಗಿಲ್ಲ. ಕಾರಿಗೆ ಬೇಕು. ಜೊತೆಗೆ ಬ್ಯಾಟರಿಯೂ ಬೇಕು.

ಬೈದೆ, ಬೇಡಿಕೊಂಡೆ, ಕೇಳಲಿಲ್ಲ. ಅವಳ ಕಣ್ಣು ಗೋಡೆಗಳ ಮೇಲಿತ್ತು. ಪರದೆಯವಳು "ಎಡಕ್ಕೆ ನೋಡಿ, ಐನೂರು ವರ್ಷ ಹಳೆಯ ಕಮಾನು" ಎಂದರೆ ಅಕ್ಕ, "ಅದರ ಪಕ್ಕದ ಮನೇಲಿ ಫ್ಯಾನು ಯಾವತ್ತೂ ಆರ್ಸಲ್ಲ," ಅನ್ನುವಳು. ಗಂಟೆ ಗೋಪುರದ ಎತ್ತರ ಪರದೆಯವಳಿಗೆ ಗೊತ್ತು, ಗೋಪುರದ ಕಾವಲಿನವರು ಹೀಟರ್ ಹಾಕಿ ಮಲಗುತ್ತಿದ್ದದ್ದು ಅಕ್ಕನಿಗೆ ಗೊತ್ತು. ದೊಡ್ಡ ಬಾವಿಯ ಕಟ್ಟೆಯ ಹತ್ತಿರ ಒಬ್ಬ ಹೆಂಗಸು ಕಾರು ತಡೆದು, "ಮೀಟರಮ್ಮಾ, ಎಲ್ಲಿ ಹೋಗ್ಬಿಟ್ರಿ? ನೋಡಿ ಈ ಬಿಲ್ಲು, ಇಷ್ಟು ಬರುತ್ತಾ?" ಎಂದು ಕಾಗದವನ್ನು ಕಿಟಕಿಯೊಳಗೆ ತುರುಕಿದಳು. ಅಕ್ಕ ಕಾರಿನಲ್ಲೇ ಕೂತು ಬಿಲ್ಲು ಓದಿ, ಫ್ರಿಜ್ಜಿನ ಬಾಗಿಲ ರಬ್ಬರು ಹೋಗಿದೆಯಾ ನೋಡು ಎಂದಳು. ಹೋಗಿತ್ತಂತೆ.

ನಿಜ ಹೇಳಬೇಕೆಂದರೆ ನನಗೆ ಸಿಟ್ಟಿನ ನಡುವೆಯೂ ಖುಷಿಯಾಗುತ್ತಿತ್ತು. ಇಪ್ಪತ್ತು ವರ್ಷ ಹೆಬ್ಬಾಗಿಲಲ್ಲಿ ಕೂತು ಸಾವಿರಾರು ಜನರನ್ನು ಒಳಗೆ ಕಳಿಸಿದ್ದೇನೆ. ಮೂವತ್ತೊಂದು ಬೀದಿಯನ್ನೂ ನಾನು ನೋಡಿದ್ದು ಅವತ್ತೇ. ದೀಪದ ಕೆಳಗೆ ಕತ್ತಲೆ ಅನ್ನುವುದು ಸುಳ್ಳಲ್ಲ.

ಬ್ಯಾಟರಿ ಅರವತ್ತಕ್ಕೆ ಬಂತು, ನಲವತ್ತಕ್ಕೆ ಬಂತು. ಇಪ್ಪತ್ತೆರಡಕ್ಕೆ ಬಂದಾಗ ನಾನು ಕೂಗಾಡಿದೆ. "ಅಕ್ಕಾ, ಸಾಕು. ಸೀದಾ ಪೇಂಟರ ಮನೆಗೆ ನಡಿ."

"ಪುಸ್ತಕದಲ್ಲಿ ಅದು ಕೊನೇ ಮನೆ," ಅಂದಳು. ನನ್ನ ಕಡೆ ನೋಡಲಿಲ್ಲ. ಕ್ರಮವೂ ನಿಜವೇ, ಅಭ್ಯಾಸವೂ ನಿಜವೇ. ಆದರೆ ಎಲ್ಲಕ್ಕಿಂತ ಮೊದಲು ಅವಳಿಗೆ ಹೆದರಿಕೆ. ಬೀದಿ ಮುಗಿಯದಿದ್ದರೆ ಕೊನೆಯ ಮನೆ ಬರುವುದಿಲ್ಲ.

ಏರಿನ ಬುಡಕ್ಕೆ ಬಂದಾಗ ಮಧ್ಯಾಹ್ನ ಒಂದು ಗಂಟೆ. ಬ್ಯಾಟರಿ ಒಂಬತ್ತು. ಮೂವತ್ತೆಂಟು ಕಿಲೋಮೀಟರ್ ಓಡಿದ್ದೆವು.

ಅಕ್ಕ ಕಾರು ನಿಲ್ಲಿಸಿದಳು. ಹನ್ನೆರಡು ವರ್ಷದ ಹಿಂದೆ ಪುಸ್ತಕ ತೆಗೆದು ಬರೆದದ್ದು ಇಲ್ಲೇ ನಿಂತು ಎಂದು ಅವಳು ಹೇಳಬೇಕಾಗಿರಲಿಲ್ಲ.

"ಈಗ ತಿರುಗಿಸಿದ್ರೆ ಅಂಗಡಿ ಮುಟ್ಟಬಹುದು. ಮೇಲೆ ಹತ್ತಿದ್ರೆ ವಾಪಸ್ ಬರೋಕಾಗಲ್ಲ. ಚಾರ್ಜ್ ಮಾಡ್ಕೊಂಡು ನಾಳೆ ಬರೋಣ್ವಾ?" ಅಂದೆ. ಒಳ್ಳೆಯ ಮಾತೇ ಆಡಿದ್ದೆ, ಆದರೆ ಆಡಬಾರದಾಗಿತ್ತು.

"ನಾಳೆ ಅಂತಾನೇ ಹನ್ನೆರಡು ವರ್ಷ ಆಯ್ತು," ಎಂದು ಅಕ್ಕ ಪೆಡಲ್ ಒತ್ತಿದಳು. ಕಾರು ಉಸಿರು ಬಿಗಿಹಿಡಿದು ಹತ್ತಿತು. ಪೇಂಟರ ಬಾಗಿಲಿಗೆ ಹತ್ತು ಹೆಜ್ಜೆ ಇರುವಾಗ ಪರದೆ ಕಪ್ಪಾಯಿತು. ರಾಜನೂ ಸತ್ತ, ಪರದೆಯವಳೂ ಸತ್ತಳು. ನಾನು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ.

ಅಕ್ಕ ಕೋಲೂರಿಕೊಂಡು ಹೋಗಿ ಬಾಗಿಲು ತಟ್ಟಿದಳು. ಒಳಗಿನಿಂದ ಊರುಗೋಲಿನ ಸದ್ದು, ಆಮೇಲೆ "ಯಾರು?"

"ಮೀಟರ್," ಅಂದಳು ಅಕ್ಕ. ಬಾಯಿಗೆ ಅದೇ ಬಂತು.

ಬಾಗಿಲು ತೆರೆಯಿತು. ತೆಳ್ಳಗಿನ ಮನುಷ್ಯ, ಬಿಳಿ ಗಡ್ಡ, ಅಂಗಿಯ ತೋಳಿನ ಮೇಲೆ ಒಣಗಿದ ನೀಲಿ ಬಣ್ಣ. ಅವಳನ್ನು ಮೇಲಿಂದ ಕೆಳಗೆ ನೋಡಿದರು, ಕೋಲನ್ನೂ ನೋಡಿದರು.

"ಇವತ್ತು ಐದನೇ ತಾರೀಕಲ್ವಲ್ಲ," ಅಂದರು.

ಅಕ್ಕ ಹೇಳಬೇಕೆಂದುಕೊಂಡು ಬಂದ ಮಾತು ಎಲ್ಲಿ ಹೋಯಿತೋ. ನಾನೇ ನಡುವೆ ಬಾಯಿ ಹಾಕಿದೆ. ಕಾರು ನಿಂತುಹೋಗಿದೆ, ಸ್ವಲ್ಪ ಕರೆಂಟ್ ಕೊಟ್ಟರೆ ಉಪಕಾರವಾಗುತ್ತದೆ ಎಂದೆ. ಕಿಟಕಿಯ ಪಕ್ಕ ಪ್ಲಗ್ ಇದೆ ನೋಡಿ ಅಂದರು. ನಾನು ವೈರು ಎಳೆದು ತಂದು ಚುಚ್ಚಿದೆ. ಇಳಿದು ಮನೆ ಸೇರುವಷ್ಟು ಚಾರ್ಜ್ ಆಗಲು ಕಡಿಮೆಯೆಂದರೂ ಎರಡು ಗಂಟೆ ಬೇಕು. ಐದು ನಿಮಿಷಕ್ಕೆಂದು ಬಂದವಳು ಈಗ ಎರಡು ಗಂಟೆ ಕೂರಲೇಬೇಕಾಯಿತು.

ಒಂದೇ ಕೋಣೆ. ಗೋಡೆಗೆ ಒರಗಿಸಿದ ತಗಡಿನ ಫಲಕಗಳು, ಅರ್ಧ ಕಟ್ಟಿದ ಮೂರು ಪೆಟ್ಟಿಗೆ, ಒಂದು ಬಕೆಟ್ಟಿನ ತುಂಬ ಕುಂಚಗಳು. ಅಟ್ಟದ ಕೆಳಗೆ ಈಗ ಏಣಿ ಇರಲಿಲ್ಲ. ಅಕ್ಕ ಸ್ಟೂಲಿನ ಮೇಲೆ ಕೂತಳು, ಅವರು ಮಂಚದ ಮೇಲೆ. ನಾನು ಹೊಸ್ತಿಲ ಮೇಲೆ ಕೂತು, ಕೇಳಿಸದವನ ಹಾಗೆ ಕಾರಿನ ಕಡೆ ಮುಖ ಮಾಡಿದೆ. ಎಲ್ಲವೂ ಕೇಳಿಸುತ್ತಿತ್ತು.

"ನೀವು ಬಿದ್ದ ತಿಂಗಳು ನಾನು ಬರ್ಲಿಲ್ಲ ಪೇಂಟರ್ರೇ. ಕೆಳಗೇ ನಿಂತು ನಲವತ್ತು ಅಂತ ಬರ್ದೆ. ಬಂದಿದ್ರೆ ನೀವು ಆವತ್ತೇ ಸಿಗ್ತಿದ್ರಿ. ನಿಮ್ಮ ಕಾಲು ಹೋಗಿದ್ದು ನನ್ನಿಂದ," ಎಂದಳು. ಗಟ್ಟಿಯಾಗಿ, ಕಚೇರಿಯಲ್ಲಿ ಹೇಳಿಕೆ ಕೊಡುವವರ ಹಾಗೆ.

"ಗೊತ್ತು," ಅಂದರು ಪೇಂಟರು.

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ನಾನು ಇಲ್ಲೇ ಬಿದ್ದಿದ್ದೆನಲ್ಲ, ನೀವು ಕಾಲಿಟ್ಟಿದೀರಲ್ಲ, ಅಲ್ಲೇ. ಮರುದಿನ ಐದನೇ ತಾರೀಕು ಅಂತ ನೆನಪಿತ್ತು. ಹನ್ನೆರಡಕ್ಕೆ ಮೀಟರಮ್ಮ ಬರ್ತಾರೆ, ಅಲ್ಲಿವರೆಗೆ ತಡ್ಕೊಂಡ್ರೆ ಆಯ್ತು ಅಂತ ಬಾಗಿಲನ್ನೇ ನೋಡ್ತಿದ್ದೆ. ಹನ್ನೆರಡಾಯ್ತು, ಒಂದಾಯ್ತು. ಸಂಜೆ ಆಯ್ತು."

ಅಕ್ಕ ತಲೆ ತಗ್ಗಿಸಿದಳು. ಅವಳು ಅಳುವುದನ್ನು ನಾನು ನೋಡಿದ್ದು ಬಹಳ ಕಡಿಮೆ. ಅಪ್ಪ ಹೋದಾಗಲೂ ಓಡಾಡಿ ಎಲ್ಲ ಕೆಲಸ ಮಾಡಿದವಳು. ಈಗ ಸದ್ದಿಲ್ಲದೆ ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳುವುದೂ ಅವಳಿಗೆ ಹೊಳೆಯಲಿಲ್ಲ.

"ಅದಕ್ಕೆ ನನಗೆ ಸಿಟ್ಟಿಲ್ಲ," ಎಂದು ಪೇಂಟರು ಮುಂದುವರಿಸಿದರು. "ಮನುಷ್ಯರು, ಒಂದು ದಿನ ತಪ್ಪುತ್ತೆ. ನಾನೂ ಎಷ್ಟು ಬೋರ್ಡಲ್ಲಿ ಅಕ್ಷರ ತಪ್ಪು ಬರ್ದಿಲ್ಲ? ಆಸ್ಪತ್ರೆಯಿಂದ ಬಂದ ಮೇಲಿನ ಐದನೇ ತಾರೀಕು ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಕೂತೆ. ನೀವು ಬಂದಾಗ, ಪರವಾಗಿಲ್ಲ, ಮನಸ್ಸಿಗೆ ಹಚ್ಕೋಬೇಡಿ ಅನ್ನೋಣ ಅಂತ. ಬಂದಿದ್ದು ಇನ್ಯಾರೋ. ಅದರ ಮುಂದಿನ ತಿಂಗಳೂ ಕೂತೆ. ಆಮೇಲೂ ಕೂತೆ. ಒಂದು ವರ್ಷ ಕೂತೆ ಮೀಟರಮ್ಮ. ನಾನು ಒಬ್ಬನೇ ಇರೋನು. ತಿಂಗಳಿಗೊಂದ್ಸಲ ಬಂದು ಹತ್ತು ನಿಮಿಷ ಕೂತು ನೀರು ಕುಡ್ದು ಊರ ಸುದ್ದಿ ಹೇಳಿ ಹೋಗ್ತಿದ್ದೋರು ನೀವೊಬ್ಬರೇ. ಕಾಲು ಹೋಗಿದ್ದು ಏಣಿಯಿಂದ. ನೀವು ಹೋಗಿದ್ದು ನಿಮ್ಮಿಂದ."

ಅಕ್ಕ ಹನ್ನೆರಡು ವರ್ಷ ಹೊತ್ತು ತಿರುಗಿದ್ದು ಬೇರೆ ತಪ್ಪನ್ನು. ಇದನ್ನು ಅವಳು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ಮುಖ ತೋರ್ಸೋಕೆ ನಾಚಿಕೆ ಆಯ್ತು," ಎಂದಳು ಕೊನೆಗೆ.

"ಆಗಿರುತ್ತೆ," ಅಂದರು. ಅಷ್ಟೇ. ಪರವಾಗಿಲ್ಲ ಅನ್ನಲಿಲ್ಲ.

ಆಮೇಲೆ ಅವರೇ ಮೂಲೆಯ ಒಲೆಯ ಮೇಲೆ ಟೀ ಇಟ್ಟರು, ಲೋಟಗಳನ್ನು ಒಯ್ಯಲು ನನ್ನನ್ನು ಕರೆದರು. ಅಕ್ಕ ಕೂತಲ್ಲೇ ಒಂದು ಪೆಟ್ಟಿಗೆಯನ್ನು ಹತ್ತಿರ ಎಳೆದುಕೊಂಡು ಬಣ್ಣದ ಡಬ್ಬಗಳನ್ನು ಕಾಗದದಲ್ಲಿ ಸುತ್ತಿ ಜೋಡಿಸತೊಡಗಿದಳು. ಅವರು ಬೇಡ ಅನ್ನಲಿಲ್ಲ. ಟೀ ಮುಗಿಯಿತು, ಎರಡನೇ ಪೆಟ್ಟಿಗೆ ಮುಗಿಯಿತು. ಪೇಂಟರು ಕಿಟಕಿಯಿಂದ ಕಾರನ್ನು ನೋಡುತ್ತಿದ್ದರು.

"ಅದರಲ್ಲಿ ಎಷ್ಟು ಜನ ಕೂರಬಹುದು?" ಎಂದು ನನ್ನನ್ನು ಕೇಳಿದರು.

"ಇಬ್ಬರು."

"ಊರುಗೋಲು ಹಿಡಿಯುತ್ತಾ?"

"ಹಿಂದೆ ಸಾಮಾನಿಡೋ ಜಾಗ ಇದೆ."

ಅವರು ಅಕ್ಕನ ಕಡೆ ತಿರುಗಿದರು. "ಹನ್ನೆರಡು ವರ್ಷದಲ್ಲಿ ನಾನು ಕೆಳಗೆ ಇಳ್ದಿದ್ದು ನಾಲ್ಕು ಸಲ. ನಾಲ್ಕು ಸಲವೂ ಜನ ಕುರ್ಚಿ ಸಮೇತ ಹೊತ್ಕೊಂಡು ಹೋಗಿದ್ದು, ಆಸ್ಪತ್ರೆಗೆ. ಊರು ಬಿಡೋ ಮೊದಲು ಒಂದ್ಸಲ ನೋಡ್ಬೇಕು. ಕರ್ಕೊಂಡ್ ಹೋಗ್ತೀರಾ?"

ಅಕ್ಕ ಎದ್ದು ನಿಂತಳು. ಮೂರು ಗಂಟೆ ಚಾರ್ಜ್ ಆಗಲಿ ಎಂದು ನಾನು ತಡೆದೆ. ನಾಲ್ಕು ಗಂಟೆಗೆ ಇಬ್ಬರೂ ಸೇರಿ ಅವರನ್ನು ಕೂರಿಸಿದೆವು, ಕಾಲನ್ನು ನಾನೇ ಎತ್ತಿ ಒಳಗಿಟ್ಟೆ. ಊರುಗೋಲು ಎರಡು, ಅಕ್ಕನ ಕೋಲು ಒಂದು, ಮೂರನ್ನೂ ಹಿಂದೆ ಹಾಕಿದೆ. ಈ ಸಲ ಎಡಸಾಲು ಬಲಸಾಲು ಏನೂ ಬೇಡ, ಅವರು ಹೇಳಿದ ದಾರಿಯಲ್ಲಿ ಹೋಗು, ಬ್ಯಾಟರಿ ಇಪ್ಪತ್ತಕ್ಕೆ ಬಂದರೆ ತಿರುಗು ಎಂದು ನಾಲ್ಕು ಸಲ ಹೇಳಿದೆ. "ನಿನ್ನ ಕಾರು ಹೊತ್ಕೊಂಡು ಓಡಿ ಹೋಗಲ್ಲ ಬಿಡೋ," ಅಂದಳು. ಎರಡು ಸೀಟಿನ ಕಾರು, ನನಗೆ ಜಾಗವಿಲ್ಲ. ಯಾರದೋ ಮನೆಯ ಹೊಸ್ತಿಲು ಕಾಯುತ್ತ ಎರಡು ಗಂಟೆ ಕೂತೆ.

ಆರಕ್ಕೆ ಬಂದರು. ಪೇಂಟರ ಕೂದಲು ಗಾಳಿಗೆ ಕೆದರಿತ್ತು. ಬಾವಿ ಬೀದಿಯ ಫಲಕವನ್ನು ಯಾರೋ ತಿದ್ದಿದ್ದಾರೆ, ಕೈ ಸರಿ ಇಲ್ಲ ಎಂದು ಇಳಿಯುವ ಮೊದಲೇ ಗೊಣಗಲು ಶುರು ಮಾಡಿದರು. ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪಾಗುವುದಿಲ್ಲ. ಗಂಟೆ ಗೋಪುರದ ಕಡೆ ಹೋಗಲು ಆಗಲಿಲ್ಲವಂತೆ, ಬ್ಯಾಟರಿ ಇಪ್ಪತ್ತಾಯಿತಂತೆ. ಅಕ್ಕ ನನ್ನ ಮಾತು ಕೇಳಿದ ಮೊದಲ ದಾಖಲೆ ಅದು.

ಬಾಗಿಲವರೆಗೆ ಬಿಟ್ಟ ಮೇಲೆ ಅಕ್ಕ, "ಉಳಿದಿದ್ದು ನಾಳೆ. ಒಂಬತ್ತು ಗಂಟೆಗೆ ಬರ್ತೀನಿ," ಎಂದಳು.

"ಬರ್ತೀರಾ?" ಅಂದರು ಪೇಂಟರು. ಚುಚ್ಚಲು ಕೇಳಿದ್ದಲ್ಲ. ನಿಜವಾಗಿ ಗೊತ್ತಿಲ್ಲದೆ ಕೇಳಿದ್ದು.

"ಬರ್ತೀನಿ."

"ಬರದಿದ್ರೆ?"

ಅಕ್ಕ ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. ಪೇಂಟರು "ಸರಿ, ನೋಡೋಣ," ಎಂದು ಒಳಗೆ ಹೋದರು.

ಮರುದಿನ ಏಳು ಗಂಟೆಗೆ ಅಕ್ಕ ನನ್ನನ್ನು ಎಬ್ಬಿಸಿದಳು. ಕಾರು ರಾತ್ರಿಯಿಡೀ ಚಾರ್ಜಿಗಿತ್ತು, ನೂರಕ್ಕೆ ನೂರು. ಅವಳು ಒಂದೂ ಬೀದಿಗೆ ತಿರುಗದೆ ಸೀದಾ ಓಡಿಸಿದಳು. ಪರದೆಯವಳು ರಾಜನನ್ನು ಕೊಲ್ಲುವುದರೊಳಗೆ ನಾವು ಏರಿನ ಬುಡದಲ್ಲಿದ್ದೆವು. ಎಂಟೂಮುಕ್ಕಾಲಿಗೆ ಮೇಲೆ ಮುಟ್ಟಿದೆವು.

ಪೇಂಟರು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಊರುಗೋಲು ತೊಡೆಯ ಮೇಲೆ. ಅಕ್ಕ ಕಾರು ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

"ತುಂಬ ಹೊತ್ತಾಯ್ತಾ ಕೂತು?"

"ಇಲ್ಲ, ಈಗ ತಾನೇ ಬಂದೆ," ಅಂದರು.

ನಾನು ಅವರ ಕಾಲನ್ನೆತ್ತಿ ಒಳಗಿಡಲು ಇಳಿದೆ. ಕುರ್ಚಿಯ ಪಕ್ಕದ ಕಲ್ಲಿನ ಮೇಲೆ ಅವರು ಬೆಳಿಗ್ಗೆಯಿಂದ ಟೀ ಕುಡಿದ ನಾಲ್ಕು ಲೋಟ ಇದ್ದವು, ಮೂರು ಆಗಲೇ ಒಣಗಿದ್ದವು.